ಒಂಬತ್ತು ಮನೆಗಳಲ್ಲಿ ಒಂದೇ ಅಂಗಿ

ಮಾರ್ಚ್ 4, ಬೆಳಿಗ್ಗೆ 10.40. ಅಂಕಿಅಂಶ ಇಲಾಖೆಯ ಉಪನಿರ್ದೇಶಕರು ದಪ್ಪನೆಯ ಫೈಲು ಹಿಡಿದು ಠಾಣೆಗೆ ಬಂದರು. ಮದುವೆಯಾಗಿ ಹೊರದೇಶದಿಂದ ಬಂದು ನೆಲೆಸಿದ ಹೆಂಡತಿಯರ ವಾರ್ಷಿಕ ಪಟ್ಟಿ ಅದು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಇನ್ಸ್‌ಪೆಕ್ಟರಿಗೆ ಕಳ್ಳರೇ ಸಾಕುಸಾಕಾಗಿದ್ದರು. ಈಗ ಕೋಷ್ಟಕ ಬೇರೆ.

"ಏನು ಕಳುವಾಗಿದೆ?"

"ಕಳುವಲ್ಲ ಸಾರ್, ಜಾಸ್ತಿ ಆಗಿದೆ. ಮರಣ ನೋಂದಣಿ ಜೊತೆ ತಾಳೆ ನೋಡಿದ್ವಿ. ಸತ್ತಿರೋ ಒಂಬತ್ತು ಗಂಡಂದಿರು ನಮ್ಮ ಪಟ್ಟಿಯಲ್ಲಿ ಇನ್ನೂ ಸಂಸಾರ ಮಾಡ್ತಿದ್ದಾರೆ."

"ಪುಣ್ಯವಂತರು" ಎಂದು ಮಹಿಳಾ ಹೆಡ್ ಕಾನ್‌ಸ್ಟೇಬಲ್ ನಕ್ಕರು.

ಇನ್ಸ್‌ಪೆಕ್ಟರಿಗೆ ನಗು ಬರಲಿಲ್ಲ. ಮದುವೆಯಾಗಿ ಐದು ವರ್ಷ ತುಂಬುವ ಮೊದಲೇ ಗಂಡ ಸತ್ತರೆ ಹೆಂಡತಿಯ ವಾಸದ ಪರವಾನಗಿ ರದ್ದಾಗುತ್ತದೆ, ಮೂವತ್ತು ದಿನದಲ್ಲಿ ಅವಳು ದೇಶ ಬಿಡಬೇಕು. 11.30ಕ್ಕೆ ಎಫ್‌ಐಆರ್ ದಾಖಲಾಯಿತು.

ಎರಡು ದಿನ ಫೈಲು ಓದಿ ಇನ್ಸ್‌ಪೆಕ್ಟರ್, ಹೆಡ್ ಕಾನ್‌ಸ್ಟೇಬಲ್ ಇಬ್ಬರ ಕಣ್ಣೂ ಕೆಂಪಾದವು. ಇಲಾಖೆಯಿಂದ ಮನೆಮನೆಗೆ ಹೋದ ಪರಿಶೀಲಕರು ಗಂಡ ಅಲ್ಲೇ ಇದ್ದಾನೆ ಅನ್ನುವುದಕ್ಕೆ ಕಣ್ಣಾರೆ ಕಂಡ ಒಂದು ವಸ್ತುವನ್ನು ಬರೆಯಬೇಕು. ಬೇರೆ ವರದಿಗಳಲ್ಲಿ ರೇಜರ್, ಹೆಲ್ಮೆಟ್, ಕನ್ನಡಕ ಇದ್ದವು. ಈ ಒಂಬತ್ತರಲ್ಲಿ ಮಾತ್ರ ಒಂದೇ ಸಾಲು: ಹಗ್ಗದ ಮೇಲೆ ನೀಲಿ ಚೌಕಳಿ ಅಂಗಿ, ಎರಡನೇ ಗುಂಡಿ ಬಿಳಿ.

ಪರಿಶೀಲಕರು ಮೂವರು. "ಗಂಡ ತೀರಿಹೋಗಿದ್ದಾರೆ ಅಂತಲೇ ಬರೆದುಕೊಟ್ಟಿದ್ವಿ" ಎಂದು ಮೂವರೂ ಹೇಳಿದರು. ಅವರ ಕೈಬರಹವನ್ನು ಕಂಪ್ಯೂಟರಿಗೆ ಸೇರಿಸುತ್ತಿದ್ದವರು ಒಬ್ಬರೇ, ಇಪ್ಪತ್ತಾರು ವರ್ಷ ಸರ್ವೀಸಾದ ಮಹಿಳಾ ಗುಮಾಸ್ತೆ. ಅವರು ರಜೆಯಲ್ಲಿದ್ದರು.

ಮಾರ್ಚ್ 7, ಮಧ್ಯಾಹ್ನ 4.15. ಮೂರನೇ ಮಹಡಿಯ ಮನೆ. ಬಾಗಿಲು ತೆರೆದ ಗುಮಾಸ್ತೆಯ ಹಿಂದೆ ಬಾಲ್ಕನಿ ಕಾಣುತ್ತಿತ್ತು.

"ಸಾರ್, ಅಂಗಿ" ಎಂದರು ಹೆಡ್ ಕಾನ್‌ಸ್ಟೇಬಲ್. ನೀಲಿ ಚೌಕಳಿ, ಎರಡನೇ ಗುಂಡಿ ಬಿಳಿ. ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

"ಯಾರದಮ್ಮಾ ಇದು?"

"ನನ್ನ ಮಗಂದು. ಅವನು ಹೋಗಿ ಹದಿನಾಲ್ಕು ತಿಂಗಳಾಯ್ತು. ವಾರಕ್ಕೊಂದ್ಸಲ ಒಗೀತೀನಿ."

ಅಡುಗೆಮನೆಯಿಂದ ಹೊರದೇಶದ ಸೊಸೆ ಇಣುಕಿದಳು. "ಅತ್ತೆ, ಯಾರು?" ಅವಳು ಬಂದು ಮೂರು ವರ್ಷವಷ್ಟೇ ಆಗಿತ್ತು.

"ಸೊಸೆಗೋಸ್ಕರ ಮಾಡಿದ್ರಿ, ಸರಿ. ಉಳಿದ ಎಂಟು?"

"ಅವೂ ನನ್ನ ಟೇಬಲ್ಲಿಗೇ ಬಂದ್ವಲ್ಲ ಸಾರ್. ನಮ್ಮ ಮನೆಯವಳನ್ನ ಉಳಿಸ್ಕೊಂಡು ಅವರನ್ನ ಯಾವ ಮುಖ ಇಟ್ಕೊಂಡು ಕಳಿಸ್ಲಿ?"

"ಬೇರೆ ಏನಾದ್ರೂ ಬರೀಬಹುದಿತ್ತಲ್ಲ. ಎಲ್ಲಾ ಕಡೆ ಅದೇ ಅಂಗಿ ಯಾಕೆ?"

"ಗಂಡಸರ ಸಾಮಾನು ಅಂದ ತಕ್ಷಣ ಇದೇ ಕಣ್ಮುಂದೆ ಬರೋದು."

ಇನ್ಸ್‌ಪೆಕ್ಟರ್ ಪಕ್ಕದ ಮನೆಯ ಇಬ್ಬರನ್ನು ಪಂಚರಾಗಿ ಕರೆಸಿ ಪಂಚನಾಮೆ ಶುರುಮಾಡಿದರು. ವಶಪಡಿಸಿಕೊಂಡ ವಸ್ತು ಒಂದು: ಅಂಗಿ.

"ಇವಳಿಗೆ ಮೂವತ್ತು ದಿನ ಯಾವಾಗಿಂದ ಸಾರ್?"

"ನನ್ನ ವರದಿ ಹೋದ ದಿನದಿಂದ."

"ಯಾವಾಗ ಹೋಗುತ್ತೆ?"

"ನಾಳೆ."

ಸೊಸೆ ಅಂಗಿಯನ್ನು ಮುಟ್ಟಿ ನೋಡಿದಳು. "ಒದ್ದೆ ಇದೆ. ಒಣಗಲಿ, ಆಮೇಲೆ ತಗೊಂಡು ಹೋಗಿ."

ಇನ್ಸ್‌ಪೆಕ್ಟರ್ ಕುರ್ಚಿ ಎಳೆದುಕೊಂಡು ಕೂತರು. ಒಂದು ಗಂಟೆಯ ಬಿಸಿಲಿಗೆ ಅಂಗಿ ಒಣಗಿತು. ಆಮೇಲೆ ಅವಳು ಗುಂಡಿಗಳನ್ನೆಲ್ಲ ಹಾಕಿ, ಮಡಿಸಿ ಕೊಟ್ಟಳು.

"ಆ ಬಿಳಿ ಗುಂಡಿ ಇವಳೇ ಹೊಲಿದಿದ್ದು" ಎಂದರು ಗುಮಾಸ್ತೆ, ಚಪ್ಪಲಿ ಮೆಟ್ಟುತ್ತಾ. "ಬಂದ ಹೊಸದು. ಅಂಗಡೀಲಿ ನೀಲಿದು ಕೊಡಿ ಅನ್ನೋಕೂ ಆಗ ಮಾತು ಬರ್ತಿರಲಿಲ್ಲ."

ಇನ್ಸ್‌ಪೆಕ್ಟರ್ ಬಂಧನದ ಸಮಯ 5.50 ಎಂದು ಬರೆದು ಸಹಿ ಹಾಕಿದರು.