ಮೈಕಮ್ಮ ಓದಲಾರದ ಪ್ರಶ್ನೆ

"ಇನ್ನೂ ಸ್ವಲ್ಪ ಹತ್ತಿರ ಬನ್ನಿ..."

ಹೆಡ್‌ಫೋನಿನಲ್ಲಿ ಆ ದನಿ ಕೇಳಿದ್ದೇ ತಡ, ಅವಳ ಎದೆ ಧಸಕ್ಕೆಂದಿತು!

"...ಮೈಕಿಗೆ," ಎಂದು ತಡಬಡಾಯಿಸಿ ಸೇರಿಸಿತು ಅದೇ ದನಿ.

ಅವಳು ತಲೆ ಎತ್ತಿದಳು. ಗಾಜಿನ ಆಚೆ ಕೂತಿದ್ದ ಗಂಡಸಿಗೆ ಕಿವಿಯ ಬಳಿ ಕೂದಲು ನರೆತಿತ್ತು. ಮೂಗಿನ ಮೇಲೆ ಕನ್ನಡಕ ಬಂದಿತ್ತು. ಆದರೆ ಉಳಿದ ವಯರನ್ನು ಕೈಗೆ ಸುತ್ತಿಕೊಳ್ಳುತ್ತಿದ್ದ ರೀತಿ... ಹೆಬ್ಬೆರಳಿನಿಂದ ಮೊಣಕೈಗೆ, ಮೊಣಕೈಯಿಂದ ಹೆಬ್ಬೆರಳಿಗೆ... ಸಂತೆಯಷ್ಟು ಜನರ ನಡುವೆ ನಿಂತಿದ್ದರೂ ಅದನ್ನು ಅವಳು ಗುರುತು ಹಿಡಿಯುತ್ತಿದ್ದಳು.

ವಯರು!

ಇವನಾ? ಇಪ್ಪತ್ತು ವರ್ಷ ಆದಮೇಲೆ, ಇಲ್ಲಿ, ಇವನಾ?

ಅಷ್ಟರಲ್ಲಿ ಹೊಸ ಪಾಸ್ಟರ್ ನಗುನಗುತ್ತಾ ಒಳಗೆ ಬಂದರು. ವಯಸ್ಸಿನಲ್ಲಿ ಚಿಕ್ಕವರು, ಊರಿನ ಹಳೆಯ ಕಥೆ ಗೊತ್ತಿಲ್ಲದವರು. "ಇವರೇ ಅಮ್ಮಾ ರೆಕಾರ್ಡಿಂಗ್ ಮಾಡೋರು. ಮೊದಲು ನಮ್ಮ ಚರ್ಚಿನ ಸಭೆಯವರೇ ಅಂತೆ. ನಿಮ್ಮಿಬ್ಬರಿಗೂ ಪರಿಚಯ ಇರಬೇಕಲ್ಲ?"

"ಇಲ್ಲ," ಎಂದಳು ಅವಳು.

"ಇದೆ," ಎಂದ ಅವನು, ಅದೇ ಕ್ಷಣದಲ್ಲಿ.

ಪಾಸ್ಟರ್ ಇಬ್ಬರ ಮುಖವನ್ನೂ ನೋಡಿದರು. "ಸರಿ, ನನಗೆ ಸ್ವಲ್ಪ ಕೆಲಸ ಇದೆ," ಎಂದು ಮೆಲ್ಲಗೆ ಜಾರಿಕೊಂಡರು.

"ಓದೋದು ನಾನು ಅಂತ ಗೊತ್ತಿತ್ತಾ ನಿಮಗೆ?" ಅವಳು ಕೇಳಿದಳು.

"ಗೊತ್ತಿತ್ತು."

"ಗೊತ್ತಿದ್ದೂ ಒಪ್ಕೊಂಡ್ರಾ?"

"ಗೊತ್ತಿದ್ದಕ್ಕೇ ಒಪ್ಕೊಂಡೆ."

ಎಷ್ಟು ಸೊಕ್ಕು ಇವನಿಗೆ! ಎದ್ದು ಹೊರಟುಬಿಡಬೇಕು ಎನಿಸಿತು. ಕುರ್ಚಿಯನ್ನು ಹಿಂದಕ್ಕೆ ತಳ್ಳಿಯೂ ಆಯಿತು. ಆಗ ಚಿಕ್ಕಮ್ಮನ ನೆನಪಾಯಿತು.

ಅಮ್ಮ ತೀರಿಕೊಂಡ ಮೇಲೆ ಅವಳನ್ನು ಸಾಕಿದ್ದು ಚಿಕ್ಕಮ್ಮ. ಈಗ ಆ ಚಿಕ್ಕಮ್ಮನ ಕಣ್ಣು ಮಂಜಾಗಿತ್ತು. ಡಾಕ್ಟರು ಇನ್ನೇನೂ ಮಾಡಲಾಗದು ಎಂದಿದ್ದರು. ಆದರೂ ದಿನಾ ಬೆಳಿಗ್ಗೆ ಬೈಬಲನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು, ಕಾಣದ ಅಕ್ಷರಗಳ ಮೇಲೆ ಬೆರಳಾಡಿಸುತ್ತಾ ಕೂತಿರುತ್ತಿದ್ದರು. ಅಂಥವರಿಗಾಗಿ ಸುವಾರ್ತೆಯನ್ನು ಓದಿ ರೆಕಾರ್ಡ್ ಮಾಡೋಣ ಎಂದು ಪಾಸ್ಟರ್ ಕೇಳಿದಾಗ, ಅವಳು ಹಿಂದೆಮುಂದೆ ನೋಡದೆ ಹೂಂ ಅಂದಿದ್ದಳು.

ಅವಳನ್ನು ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಊರಿನ ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಟಿದೆ ಎಂದು ದಿನವಿಡೀ ಮೈಕಿನಲ್ಲಿ ಕೂಗುವವಳು ಅವಳೇ. ನಲವತ್ತು ದಾಟಿಯೂ ಮದುವೆಯಾಗದೆ ಉಳಿದವಳನ್ನು ಊರವರು ಇನ್ನೇನೇನೋ ಕರೆಯಬಹುದಿತ್ತು. ಪುಣ್ಯಕ್ಕೆ ಮೈಕಮ್ಮ ಎಂದರು.

ಅವಳು ಕುರ್ಚಿಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡಳು.

"ಬೇಗ ಶುರು ಮಾಡಿ. ಮಧ್ಯಾಹ್ನ ನನಗೆ ಡ್ಯೂಟಿ ಇದೆ."

*

ಒಂದು ಕಾಲದಲ್ಲಿ ಚರ್ಚಿನ ಇದೇ ಕೋಣೆಯಲ್ಲಿ ಹಾಡಿನ ಅಭ್ಯಾಸ ನಡೆಯುತ್ತಿತ್ತು.

ಅವಳು ಮುಂದಿನ ಸಾಲಿನ ಹಾಡುಗಾರ್ತಿ. ಅವನು ದೇವಾಲಯದ ಮೈಕು, ಸ್ಪೀಕರು ನೋಡಿಕೊಳ್ಳುವ ಹುಡುಗ. ಹೆಗಲ ಮೇಲೆ ಸದಾ ವಯರಿನ ಸುರುಳಿ. ಅದಕ್ಕೇ ಎಲ್ಲರ ಬಾಯಲ್ಲೂ ಅವನ ಹೆಸರು ವಯರು. ಎಲ್ಲರ ಮೈಕನ್ನೂ ಒಂದು ಸಲ ತಟ್ಟಿ ನೋಡಿದರೆ, ಅವಳದ್ದನ್ನು ನಾಲ್ಕು ಸಲ ತಟ್ಟುತ್ತಿದ್ದ!

"ನನ್ನ ಮೈಕ್ ಒಂದೇ ಯಾಕೆ ದಿನಾ ಕೆಡುತ್ತೆ?" ಎಂದು ಅವಳು ಕಣ್ಣು ಕೆಕ್ಕರಿಸಿದರೆ, "ನಿನ್ನ ದನಿ ಜೋರು. ಪಾಪ, ಅದು ಹೆದರ್ಕೊಳ್ಳುತ್ತೆ," ಎನ್ನುತ್ತಿದ್ದ.

ಅಭ್ಯಾಸ ಮುಗಿದ ಸಂಜೆಗಳಲ್ಲಿ ದೇವಾಲಯದ ಮೆಟ್ಟಿಲ ಮೇಲೆ ಕೂತು ಹರಟುತ್ತಿದ್ದ ಆ ದಿನಗಳು... ಎಲ್ಲರೂ ಹೋದರೂ ವಯರು ಸುತ್ತುವ ಕೆಲಸ ಮಾತ್ರ ಮುಗಿಯುತ್ತಲೇ ಇರಲಿಲ್ಲ. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದ ಕಳ್ಳ!

ಮನೆಯವರು ಒಪ್ಪಿದರು. ನಿಶ್ಚಿತಾರ್ಥವೂ ಆಯಿತು.

ಅವರ ಸಭೆಯಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಹುಡುಗ ಹುಡುಗಿಯ ಹೆಸರನ್ನು ಎಲ್ಲರ ಮುಂದೆ ಓದಬೇಕು. ಆಕ್ಷೇಪಣೆ ಇದ್ದವರು ಹೇಳಬಹುದು. ಮೊದಲ ಭಾನುವಾರ ಓದಿದರು. ಅವಳು ನಾಚಿ ತಲೆ ತಗ್ಗಿಸಿದಳು. ಎರಡನೇ ಭಾನುವಾರವೂ ಓದಿದರು. ಮೂರನೇ ಭಾನುವಾರ...

ಓದಲಿಲ್ಲ.

ಸಾಲುಸಾಲು ತಲೆಗಳು ಅವಳ ಕಡೆ ತಿರುಗಿದವು. ಅವಳು ಅವನ ಕಡೆ ನೋಡಿದಳು. ಅದೇ ಹೊತ್ತಿಗೆ ಅವನು ಸ್ಪೀಕರ್ ಪೆಟ್ಟಿಗೆಯ ಹಿಂದೆ ಬಗ್ಗಿದ!

ಮುಖ ಮುಚ್ಚಿಕೊಂಡನಲ್ಲ! ಇವನೇ ನಿಲ್ಲಿಸಿದ್ದಾನೆ! ಅವಳ ತಲೆಗೆ ರಕ್ತ ನುಗ್ಗಿತು.

ಸಂಜೆ ಅವನು ಮನೆಗೆ ಓಡಿಬಂದ. ಬಾಗಿಲಲ್ಲಿ ಚಿಕ್ಕಮ್ಮ ನಿಂತಿದ್ದರು. ಒಳಗಿನಿಂದ ಅವಳು ಕಿರುಚಿದಳು, "ಅವನ ಮುಖ ಕೂಡ ನೋಡಲ್ಲ ಅಂತ ಹೇಳಿ ಚಿಕ್ಕಮ್ಮಾ! ಉಂಗುರ ಬಿಸಾಕಿ ಅವನ ಕೈಗೆ!"

ಅವನು ತಲೆ ತಗ್ಗಿಸಿ ಹೊರಟುಹೋದ. ಕೆಲವೇ ದಿನಗಳಲ್ಲಿ ಊರನ್ನೂ ಬಿಟ್ಟ.

ಊರಿಗೆಲ್ಲ ಒಂದೇ ಕಥೆ ಉಳಿಯಿತು: ಮದುವೆಯ ಹೊಸ್ತಿಲಲ್ಲಿ ಕೈಕೊಟ್ಟ. ಅವಳು ಆ ಕಥೆಯನ್ನು ತಿದ್ದಲಿಲ್ಲ.

*

ಕೋಣೆಯ ಗೋಡೆಗಳಿಗೆ ಸದ್ದು ಹೀರಲೆಂದು ಹಳೆಯ ಕಂಬಳಿಗಳನ್ನು ತೂಗುಹಾಕಿದ್ದರು. ಓದುವಾಗ ಫ್ಯಾನ್ ಹಾಕುವಂತಿಲ್ಲ. ಬೆವರು ಕತ್ತಿನಿಂದ ಇಳಿಯುತ್ತಿತ್ತು. ರಸ್ತೆಯಲ್ಲಿ ಲಾರಿ ಬಂದರೆ ಅದು ಹೋಗುವವರೆಗೆ ಬಾಯಿ ಮುಚ್ಚಿ ಕಾಯಬೇಕು.

ಹಾಗೆ ಕಾಯುವ ಹೊತ್ತಿನಲ್ಲೇ ಮಾತು ಹುಟ್ಟಿತು.

"ಚಿಕ್ಕಮ್ಮ ಹೇಗಿದ್ದಾರೆ?"

"ಕಣ್ಣು ಹೋಗಿದೆ. ಬಾಯಿ ಗಟ್ಟಿಯಾಗಿದೆ."

ಅವನು ನಕ್ಕ. ಅದೇ ನಗು... ಅವಳು ಪುಸ್ತಕದೊಳಗೆ ಮುಖ ಹುದುಗಿಸಿದಳು.

ಇನ್ನೊಂದು ದಿನ, ಇನ್ನೊಂದು ಲಾರಿ.

"ನಿಮ್ಮ ಮನೆಯವರು?" ಕೇಳಬಾರದೆಂದುಕೊಂಡೇ ಅವಳು ಕೇಳಿಬಿಟ್ಟಳು.

"ತೀರಿಹೋಗಿ ನಾಲ್ಕು ವರ್ಷ ಆಯ್ತು. ಒಳ್ಳೇವಳು." ಸ್ವಲ್ಪ ತಡೆದು ಹೇಳಿದ, "ನಿಮ್ಮ ವಿಷಯ ಗೊತ್ತಿತ್ತು ಅವಳಿಗೆ. ಆ ಹುಡುಗಿಗೆ ನೀವು ಯಾಕೆ ಬೇಡವಾದ್ರಿ ಅಂತ ಕೇಳೋಳು. ನನಗೇ ಗೊತ್ತಿಲ್ಲ, ಏನು ಹೇಳ್ಲಿ?"

ಲಾರಿ ಹೋಗಿ ಎಷ್ಟೋ ಹೊತ್ತಾಗಿತ್ತು. ಅವಳು ಓದಬೇಕಾದ ಸಾಲನ್ನು ಇನ್ನೂ ಹುಡುಕುತ್ತಿದ್ದಳು.

ಮರುದಿನ ಯೇಸು ಕೊಳದ ಬಳಿ ಬರುವ ಭಾಗ. ಮೂವತ್ತೆಂಟು ವರ್ಷದಿಂದ ಕಾಯಿಲೆ ಬಿದ್ದವನೊಬ್ಬ ದಡದಲ್ಲಿ ಮಲಗಿದ್ದಾನೆ. ನೀರು ಕಲಕಿದಾಗ ಮೊದಲು ಇಳಿದವನಿಗೆ ಗುಣವಾಗುತ್ತದೆಂಬ ನಂಬಿಕೆ. ಯೇಸು ಅವನ ಹತ್ತಿರ ಬಂದು ಕೇಳುತ್ತಾನೆ, ನಿನಗೆ ವಾಸಿಯಾಗಬೇಕೆಂಬ ಆಸೆ ಇದೆಯಾ ಎಂದು.

ಅವಳು ಓದಿದಳು. ಗಾಜಿನ ಆಚೆ ಅವನು ಕೈ ಎತ್ತಿದ.

"ಆ ಪ್ರಶ್ನೆ... ಜಗಳಕ್ಕೆ ನಿಂತ ಹಾಗೆ ಕೇಳಿಸ್ತಿದೆ."

ಮತ್ತೆ ಓದಿದಳು. ಮತ್ತೆ ಕೈ ಎತ್ತಿದ. "ಈಗ ಬಸ್ಸು ಹೊರಟ ಹಾಗಿದೆ."

ಮತ್ತೊಮ್ಮೆ ಓದಹೋದಳು, ಮೊದಲ ಪದಕ್ಕೇ ತಡವರಿಸಿದಳು. ಯಾಕೆ? ನಾಲ್ಕು ಪದ ಬಾಯಿಂದ ಬರಲು ಯಾಕಿಷ್ಟು ಹಟ? ಸಿಟ್ಟು ಉಕ್ಕಿತು.

"ನನಗೇ ಓದೋದು ಹೇಳಿಕೊಡ್ತೀಯಾ? ಅವತ್ತು ಪೆಟ್ಟಿಗೆ ಹಿಂದೆ ಮುಖ ಮುಚ್ಕೊಂಡೋನು ನೀನು!"

"ಮುಖ ಮುಚ್ಕೊಂಡಿದ್ದಾ?" ಅವನು ದಿಗ್ಗನೆ ಎದ್ದ. "ಸ್ಪೀಕರ್ ಕೀರಲು ಶುರುವಾಗಿತ್ತು ಕಣೇ! ವಯರು ಸಡಿಲ ಆಗಿತ್ತು!"

ಅವಳು ಹೆಡ್‌ಫೋನನ್ನು ಮೇಜಿನ ಮೇಲೆ ಕುಕ್ಕಿ ಹೊರನಡೆದಳು.

*

ಅಡುಗೆಮನೆಯಲ್ಲಿ ಚಿಕ್ಕಮ್ಮ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದರು. ಹೆಜ್ಜೆಯ ಸದ್ದಿನಲ್ಲೇ ಅವರಿಗೆ ಎಲ್ಲ ಗೊತ್ತಾಯಿತು.

"ಯಾರ ಮೇಲೆ ಉರ್ಕೊಂಡು ಬಂದೆ?"

"ಯಾರ ಮೇಲೂ ಇಲ್ಲ."

"ಹಾಗಾದ್ರೆ ಪಾತ್ರೆ ಮೇಲೆ ತೀರಿಸ್ಕೋಬೇಡ. ಕೂತ್ಕೊ. ಇವತ್ತು ಓದಿದ್ದು ನನಗೂ ಓದು."

ಅವಳು ಓದಿದಳು. ಕೊಳ, ದಡ, ಮಲಗಿದವನು, ಪ್ರಶ್ನೆ. ಚಿಕ್ಕಮ್ಮನ ಕೈ ನಿಂತಿತು.

"ಅದಕ್ಕೆ ಅವನೇನಂದ? ಬೇಕು ಅಂದ್ನಾ, ಬೇಡ ಅಂದ್ನಾ?"

"ಎರಡೂ ಅನ್ನಲಿಲ್ಲ. ನನ್ನನ್ನ ನೀರಿಗೆ ಇಳಿಸೋಕೆ ಯಾರೂ ಬರಲ್ಲ, ನಾನು ಹೋಗೋದ್ರೊಳಗೆ ಇನ್ನೊಬ್ಬ ಇಳೀತಾನೆ ಅಂದ."

"ನೋಡಿದ್ಯಾ! ಕೇಳಿದ್ದೇನು, ಇವನು ಹೇಳೋದೇನು! ಯಾರೂ ಬರಲಿಲ್ಲ ಅನ್ನೋದೇ ಅವನಿಗೆ ಹಾಸಿಗೆಗಿಂತ ಮೆತ್ತಗಾಗಿತ್ತು ಅಂತ ಕಾಣುತ್ತೆ." ಚಿಕ್ಕಮ್ಮ ಮಂಜು ಕಣ್ಣನ್ನು ಅವಳ ಕಡೆ ತಿರುಗಿಸಿದರು. "ನೀನೂ ಅಷ್ಟೇ ಅಲ್ವೇನೇ?"

ಅವಳ ಕೈಯಿಂದ ಬೈಬಲ್ ಜಾರುವುದರಲ್ಲಿತ್ತು.

ಹೌದು. ಊರಿಗೆ ಗೊತ್ತಿಲ್ಲದ್ದು ಈ ಅಡುಗೆಮನೆಗೆ ಗೊತ್ತಿತ್ತು. ಆ ಭಾನುವಾರದ ನಂತರ, ಅದೇ ವಾರದಲ್ಲಿ, ಅಂದಿನ ಹಳೆಯ ಪಾಸ್ಟರ್ ಜ್ವರದಿಂದ ಎದ್ದು ನೇರ ಇಲ್ಲಿಗೇ ಬಂದಿದ್ದರು. "ತಪ್ಪು ನನ್ನದಮ್ಮಾ. ನನ್ನ ಬದಲು ಬಂದವರಿಗೆ ಹೆಸರು ಓದಬೇಕು ಅಂತ ಹೇಳೋದೇ ಮರೆತೆ. ಬರೋ ಭಾನುವಾರ ಓದ್ತೀನಿ," ಎಂದಿದ್ದರು.

ಅವಳು ಏನೆಂದಿದ್ದಳು? "ಬೇಡ. ನನಗೇ ಈ ಮದುವೆ ಬೇಡ."

ಬೇಡ ಎಂದ ಬಾಯಲ್ಲೇ ಬಾಗಿಲು ಕಾದಿದ್ದಳು! ಮತ್ತೆ ಬರಲಿ, ಬೇಡಿಕೊಳ್ಳಲಿ, ಆಮೇಲೆ ನೋಡೋಣ ಎಂದು. ಒಂದು ಸಲ ಬಂದವನು ಎರಡನೇ ಸಲ ಬರಲಿಲ್ಲ. ಅದನ್ನೇ ಹಿಡಿದುಕೊಂಡು ಇಷ್ಟು ವರ್ಷ ಮಲಗಿದ್ದಳು. ಬರಲಿಲ್ಲ... ಅವನು ಬರಲೇ ಇಲ್ಲ...

ವಾಸಿಯಾಗುವ ಆಸೆ ಅವಳಿಗೂ ಇರಲಿಲ್ಲ. ನೋವು ಹೋದರೆ ತಪ್ಪು ಉಳಿಯುತ್ತದಲ್ಲ, ಅದರ ಭಯ.

ಅವಳು ಅಲ್ಲೇ, ಬೆಳ್ಳುಳ್ಳಿ ಸಿಪ್ಪೆಯ ನಡುವೆ ಮಂಡಿಯೂರಿ ಕೂತಳು. ಚೆಂದದ ಪ್ರಾರ್ಥನೆ ಯಾವುದೂ ನೆನಪಾಗಲಿಲ್ಲ.

"ಯೇಸಪ್ಪಾ... ಬೇಕು. ನನಗೆ ವಾಸಿಯಾಗಬೇಕು. ಸುಳ್ಳು ಹೇಳಿ ಹೇಳಿ ಸಾಕಾಗಿದೆ. ತಪ್ಪು ಅವನದಲ್ಲ, ನಂದು. ಕ್ಷಮಿಸಪ್ಪಾ..."

ಅಳು ಬಂತು. ಇಪ್ಪತ್ತು ವರ್ಷ ಸಿಟ್ಟಾಗಿ ಹೆಪ್ಪುಗಟ್ಟಿದ್ದೆಲ್ಲ ಕಣ್ಣೀರಾಗಿ ಹರಿಯಿತು. ಹರಿದು ಮುಗಿದಾಗ ಎದೆಯ ಮೇಲಿನ ಕಲ್ಲೊಂದನ್ನು ಯಾರೋ ಎತ್ತಿಟ್ಟ ಹಾಗೆ ಹಗುರ! ಉಸಿರು ಪೂರ್ತಿ ಒಳಗೆ ಹೋಗುತ್ತಿತ್ತು. ಇಷ್ಟು ದಿನ ಅರ್ಧ ಉಸಿರಲ್ಲೇ ಬದುಕಿದ್ದೆನಾ?

ಕಣ್ಣೊರೆಸಿಕೊಂಡು ಮುಂದಿನ ಸಾಲು ಓದಿದಳು. ಯೇಸು ಅವನನ್ನು ನೀರಿಗೆ ಇಳಿಸಲಿಲ್ಲ. ಇಷ್ಟು ದಿನ ಎಲ್ಲಿದ್ದೆ ಎಂದು ಬೈಯಲೂ ಇಲ್ಲ. ಎದ್ದೇಳು, ಹಾಸಿಗೆ ಎತ್ತಿಕೊಂಡು ನಡೆ ಎಂದ, ಅಷ್ಟೇ.

"ಈಗ ಓದಿದ್ದು ಕಿವಿಗೆ ಬಿತ್ತು ನೋಡು," ಎಂದರು ಚಿಕ್ಕಮ್ಮ, ಅವಳ ತಲೆ ಸವರುತ್ತಾ. "ಮುಖ ತೊಳ್ಕೊಂಡು ಹೋಗು. ನಡೆ ಅಂದಮೇಲೆ ಕೂತ್ಕೋಬಾರದು."

*

ಅವಳು ಹೋಗುವ ಹೊತ್ತಿಗೆ ಗೋಡೆಯ ಕಂಬಳಿಗಳು ಕೆಳಗಿಳಿದಿದ್ದವು. ಅವನು ಪೆಟ್ಟಿಗೆಗೆ ಸಾಮಾನು ತುಂಬುತ್ತಿದ್ದ.

"ಏನಿದು?"

"ಬೇರೆಯವರನ್ನ ಕರೆಸಿಕೊಳ್ಳಿ ಅಂತ ಪಾಸ್ಟರ್‌ಗೆ ಹೇಳಿದೀನಿ. ನಾನಿದ್ರೆ ನಿಮ್ಮ ದನಿ ಹೊರಡಲ್ಲ. ಓದೋದು ಮುಖ್ಯ, ನಾನಲ್ಲ. ಸಂಜೆ ಬಸ್ಸಿಗೆ ಹೋಗ್ತೀನಿ."

ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ! ಅವಳು ಬಾಗಿಲಿಗೆ ಅಡ್ಡ ನಿಂತಳು.

"ಅವತ್ತು ಪಾಸ್ಟರ್ ಬಂದು ನಿಜ ಹೇಳಿದ್ರು. ಆದ್ರೂ ಬೇಡ ಅಂದೆ. ನನಗೆ ಬೇಕಿತ್ತು. ನೀನು ಬಂದು ಬೇಡ್ಕೊಳ್ಳಲಿ ಅಂತ ಕಾದೆ. ನೀನು ಬರಲಿಲ್ಲ ಅಂತ ಊರ ಮುಂದೆ ನಿನ್ನನ್ನ ಮೋಸಗಾರನ್ನ ಮಾಡ್ದೆ. ತಪ್ಪು ನಂದು. ಪೂರ್ತಿ ನಂದು."

ಅವನು ಕನ್ನಡಕ ತೆಗೆದ.

"ಅಂದ್ರೆ... ಬೇಡ ಅಂದಿದ್ದು ಸುಳ್ಳಾ?"

"ಸುಳ್ಳು."

"ಪಾಸ್ಟರ್ ಮುಂದೆ?"

"ಪಾಸ್ಟರ್ ಮುಂದೆ."

ಅವನು ಪೆಟ್ಟಿಗೆಯ ಮುಚ್ಚಳವನ್ನು ದಡಾರನೆ ಬಡಿದ. ಅವಳು ಬೆಚ್ಚಿದಳು. ಇವನಿಗೆ ಸಿಟ್ಟು ಬರುತ್ತದೆಂಬುದೇ ಅವಳಿಗೆ ಗೊತ್ತಿರಲಿಲ್ಲ!

"ಕನ್ನಡಿ ಮುಂದೆ ನಿಂತು ಎಷ್ಟು ವರ್ಷ ಯೋಚಿಸಿದೀನಿ ಗೊತ್ತಾ? ನನ್ನಲ್ಲಿ ಏನು ಕಮ್ಮಿ ಇತ್ತು ಅಂತ!"

"ಏನೂ ಕಮ್ಮಿ ಇರಲಿಲ್ಲ." ಅವಳ ಕಣ್ಣು ತುಂಬಿತು. "ಕಿವಿ ಸ್ವಲ್ಪ ದೊಡ್ಡದು. ಅಷ್ಟೇ."

ಅವನು ಅತ್ತ ತಿರುಗಿ ನಿಂತ. ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾನಾ, ನಗುತ್ತಿದ್ದಾನಾ? ಎರಡೂ.

"ನನ್ನನ್ನ ಕ್ಷಮಿಸ್ತೀಯಾ?" ಅವಳು ಮೆಲ್ಲಗೆ ಕೇಳಿದಳು. "ಕ್ಷಮಿಸದಿದ್ರೂ ಸರಿ. ಹೇಳಬೇಕಿತ್ತು, ಹೇಳ್ದೆ. ನಾನೀಗ ಹಗುರಾಗಿದೀನಿ."

ಅವನು ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿದ.

"ನಾನೂ ಮಹಾ ಒಳ್ಳೆಯೋನಲ್ಲ," ಎಂದ ಕೊನೆಗೆ. "ಮತ್ತೆ ಬರಬಹುದಿತ್ತು. ಸೊಕ್ಕು ಬಿಡಲಿಲ್ಲ. ನಿನಗೇ ಬೇಡವಾದ್ರೆ ನನಗೂ ಬೇಡ ಅಂತ ಹೊರಟುಬಿಟ್ಟೆ." ಅವಳ ಕಡೆ ತಿರುಗಿದ. "ಕ್ಷಮಿಸಿದೀನಿ. ಆದ್ರೆ ಬೈಯೋಕೆ ತುಂಬಾ ಇದೆ. ಒಂದು ದಿನದಲ್ಲಿ ಮುಗಿಯಲ್ಲ."

"ಹಾಗಾದ್ರೆ ದಿನಾ ಬೈ."

"ದಿನಾ ಅಂದ್ರೆ?"

"ಅರ್ಥ ಆಗಲ್ವಾ ನಿನಗೆ? ನೀನು ಬೇಕು ನನಗೆ! ಈ ಸಲ ಬಾಯಿಬಿಟ್ಟು ಹೇಳ್ತಿದೀನಿ."

ಅವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

"ನನಗೆ ಸಕ್ಕರೆ ಕಾಯಿಲೆ ಇದೆ. ಯೋಚನೆ ಮಾಡು."

"ನನಗೆ ಮಂಡಿ ನೋವಿದೆ. ನೀನೂ ಯೋಚನೆ ಮಾಡು."

"ರಾತ್ರಿ ಗೊರಕೆ ಹೊಡೀತೀನಂತೆ."

"ಬಸ್ ನಿಲ್ದಾಣದಲ್ಲಿ ಬದುಕಿದೋಳು ನಾನು. ಸದ್ದಿಲ್ಲದಿದ್ರೆ ನಿದ್ದೆ ಬರಲ್ಲ."

ಅವನು ನಕ್ಕು, ಕುರ್ಚಿಯ ಮೇಲಿದ್ದ ಕಂಬಳಿಯನ್ನು ಎತ್ತಿ ಪಕ್ಕಕ್ಕಿಟ್ಟ. ಕುರ್ಚಿಯ ಧೂಳನ್ನು ಅಂಗೈಯಿಂದ ಒರೆಸಿದ.

"ಕೂತ್ಕೊ. ಮಂಡಿ ನೋವು ಅಂದ್ಯಲ್ಲ."

ಅವಳು ಅವನ ಕೈ ಹಿಡಿದುಕೊಂಡು ಕೂತಳು. ಕೂತ ಮೇಲೂ ಬಿಡಲಿಲ್ಲ.