ಗುನುಗಬಾರದ ಹಾಡು

"ಅದೊಂದನ್ನ ಮುಟ್ಬೇಡಿ ಸ್ವಾಮಿ," ಎಂದಳು ಬದರುನ್ನೀಸಾ. "ಮಿಕ್ಕಿದ್ದೆಲ್ಲಾ ತಗೊಂಡ್ಹೋಗಿ. ಗೋಣೀಲಿ ಸುತ್ತಿರೋದು ಮಾತ್ರ ಬೇಡ."

ವೆಂಕಟಸ್ವಾಮಿ ನಕ್ಕ. ಅರಸೀಕೆರೆಯಿಂದ ಯಶವಂತಪುರ ರೈಲ್ವೆ ಸ್ಟೇಷನ್ನಿಗೆ ಗುಮಾಸ್ತನಾಗಿ ವರ್ಗವಾಗಿ ಬಂದು ಇನ್ನೂ ಒಂದು ಮಳೆಗಾಲ ಕಳೆದಿರಲಿಲ್ಲ. ಅಷ್ಟರಲ್ಲೇ ಹಳೆಯ ಗ್ರಾಮಫೋನ್ ಪ್ಲೇಟುಗಳ ಹುಚ್ಚು ಅವನನ್ನು ಹೆಬ್ಬಾಳದ ಈ ಹೆಂಚಿನ ಮನೆಯವರೆಗೂ ಎಳೆದು ತಂದಿತ್ತು. ಊರೆಲ್ಲ ಕೇಳುವ ಹಾಡು ಅವನಿಗೆ ರುಚಿಸದು. ಯಾರೂ ಕೇಳದೆ ಮೂಲೆಗೆ ಬಿದ್ದ ಹರಿಕಥೆ, ಲಾವಣಿ, ಕವ್ವಾಲಿ, ಬ್ಯಾಂಡಿನವರ ಕ್ಲಾರಿಯೊನೆಟ್ಟು ಬೇಕು. ಬದರುನ್ನೀಸಾಳ ಗಂಡ ಬದುಕಿದ್ದಾಗ ದಂಡು ಪ್ರದೇಶದಲ್ಲಿ ಪ್ಲೇಟಿನ ಅಂಗಡಿ ಇಟ್ಟಿದ್ದವನು. ಅವಳ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಅಂಥವೇ ತುಂಬಿದ್ದವು.

"ಯಾಕಮ್ಮ, ಅದ್ರೊಳಗೆ ದೆವ್ವ ಹಾಡುತ್ತಾ?"

"ನಗಬೇಡಿ. ಮಾಟದ್ದು ಅದು."

ಪರದೆಯ ಹಿಂದೆ ನಿಂತಿದ್ದ ಅವಳ ಮಗಳು ಸಬೀರಾ ಎರಡೂ ಕೈ ಆಡಿಸಿ ಬೇಡ ಬೇಡವೆಂದಳು. ಅವಳ ಬಾಯಿಂದ ಸದ್ದೇ ಹೊರಡಲಿಲ್ಲ. ಮೂಗಿ ಎಂದುಕೊಂಡ ವೆಂಕಟಸ್ವಾಮಿ. ಚಹಾ ತರಲೆಂದು ತಾಯಿ ಮಗಳು ಒಳಗೆ ಹೋದರು. ಅವರು ಬರುವಷ್ಟರಲ್ಲಿ ಗೋಣಿಯ ಸುತ್ತು ಅವನ ಚೀಲದ ತಳ ಸೇರಿತ್ತು.

ಸಂಜೆ ಮನೆಯಲ್ಲಿ ಬಿಚ್ಚಿದರೆ ಸುಟ್ಟ ಕೂದಲಿನ ಕಮಟು ವಾಸನೆ. ಪ್ಲೇಟಿನ ಮೇಲೆ ಹೆಸರಿಲ್ಲ, ಕಂಪನಿಯ ಗುರುತಿಲ್ಲ. ಕೀಲಿ ಕೊಟ್ಟು ಮುಳ್ಳಿಟ್ಟ. ಮೊದಲು ಬರೀ ಕರಕರ. ಆಮೇಲೆ ಹರೆಯದ ಹೆಣ್ಣೊಬ್ಬಳ ದನಿ ಎದ್ದಿತು, ಜೇನಿನಷ್ಟು ಮಂದ, ಪದಗಳಿಲ್ಲದ ಬರೀ ರಾಗ. ಅದರ ಹಿಂದೆ, ಬಾವಿಯ ತಳದಿಂದ ಬಂದ ಹಾಗೆ, ಇನ್ನೂ ಕೆಲವು ಹೆಂಗಸರ ದನಿಗಳು. ವೆಂಕಟಸ್ವಾಮಿಯ ರೋಮ ನಿಮಿರಿತು. ಹೆದರಿಕೆಯಿಂದಲ್ಲ, ಸಂತೋಷದಿಂದ.

ಅವನ ಹೆಂಡತಿ ಗೋಪಾಲಮ್ಮ ಹಾಡುವವಳಲ್ಲ. ಆದರೆ ಆ ರಾಗ ಅವಳ ನಾಲಿಗೆಗೆ ಅಂಟಿಕೊಂಡಿತು. ರಾಗಿ ಬೀಸುವಾಗ, ಬಟ್ಟೆ ಹಿಂಡುವಾಗ, ಮಗಳು ಪಂಕಜಳಿಗೆ ಜಡೆ ಹಾಕುವಾಗ, ಅದನ್ನೇ ಗುನುಗುವಳು. ಒಂದು ಬೆಳಿಗ್ಗೆ ಹಾಲಿನವಳನ್ನು ಕರೆಯಲು ಬಾಯಿ ತೆರೆದಳು. ಬರೀ ಗಾಳಿ ಬಂತು.

ಡಾಕ್ಟರು ಬಾಯಿಗೆ ಬ್ಯಾಟರಿ ಬಿಟ್ಟು ನೋಡಿ, ಗಂಟಲಲ್ಲಿ ಏನೂ ಕೆಟ್ಟಿಲ್ಲ ಎಂದರು. ಮನೆಗೆ ಬಂದ ವೆಂಕಟಸ್ವಾಮಿಯ ತಲೆಯಲ್ಲಿ ಬದರುನ್ನೀಸಾಳ ಮಾತು ಸುತ್ತತೊಡಗಿತು. ಛೆ, ಎಂದು ತನ್ನನ್ನೇ ಬೈದುಕೊಂಡು, ಅನುಮಾನ ಕಳೆಯಲೆಂದೇ ಪ್ಲೇಟನ್ನು ಮತ್ತೆ ಹಾಕಿದ.

ಹಾಡುತ್ತಿದ್ದದ್ದು ಗೋಪಾಲಮ್ಮ.

ಅವಳದೇ ದನಿ. ಉಸಿರು ಎಳೆದುಕೊಳ್ಳುವಾಗಿನ ಅವಳದೇ ಸಣ್ಣ ಬಿಕ್ಕು. ಮೊದಲು ಕೇಳಿದ್ದ ಹರೆಯದ ದನಿ ಹಿಂದಕ್ಕೆ ಸರಿದು ಉಳಿದವುಗಳ ಜೊತೆ ನರಳುತ್ತಿತ್ತು. ಅಡುಗೆಮನೆಯ ಹೊಸಿಲಲ್ಲಿ ಗೋಪಾಲಮ್ಮ ಕುತ್ತಿಗೆ ಹಿಡಿದು ನಿಂತಿದ್ದಳು. ಅವಳ ಕಾಲ ಬಳಿ ಬೊಂಬೆ ಆಡಿಸುತ್ತಿದ್ದ ಪಂಕಜ ತಲೆ ತೂಗುತ್ತಾ ಗುನುಗತೊಡಗಿದಳು.

ಅವನು ಪ್ಲೇಟು ಎತ್ತಿಕೊಂಡು ಹೆಬ್ಬಾಳಕ್ಕೆ ಓಡಿದ.

ಬದರುನ್ನೀಸಾ ಬೈಯಲಿಲ್ಲ. ಗೋಡೆಗೆ ಒರಗಿ ಕುಸಿದು ಕೂತಳು. "ನಾಟಕದ ಕಂಪನಿಯವಳೊಬ್ಬಳು ಇದನ್ನ ಮಾಡಿಸಿದ್ದು. ಆಗದವರು ವೀಳ್ಯದಲ್ಲಿ ಸಿಂಧೂರ ಇಟ್ಟು ತಿನ್ನಿಸಿ ಅವಳ ಗಂಟಲು ಕೆಡಿಸಿದ್ರು. ಅವಳು ಮಾಕಳಿ ಕಡೆ ಮಂತ್ರವಾದಿ ಹತ್ರ ಹೋದ್ಲು. ನನ್ನ ಹಾಡು ಗುನುಗಿದವರ ದನಿ ನನಗೇ ಬರ್ಲಿ ಅಂತ, ಮುಂಚೆ ಹಾಡಿದ್ದ ಈ ಪ್ಲೇಟಿಗೆ ಮಾಟ ಕಟ್ಟಿಸಿದ್ಲು. ಬಂದ ದನಿಗಳು ಇದರೊಳಗೇ ಸಿಕ್ಕಿಹಾಕ್ಕೊಂಡ್ವು. ಕಂಪನಿ ಮುಳುಗಿದಾಗ ನಮ್ಮೆಜಮಾನ್ರು ತಿಳೀದೆ ಕೊಂಡ್ಕೊಂಡ್ರು. ನೀವು ಮೊದಲು ಕೇಳಿದ್ರಲ್ಲ, ಅದು ನನ್ನ ಸಬೀರಾ."

"ಇದಕ್ಕೆ ದಾರಿ?"

"ಒಡೆದ್ರೆ ಮುಂದಿನವರು ಉಳೀತಾರೆ. ಒಳಗಿರೋರ ದನಿ ಮಾತ್ರ ಸತ್ತೇ ಹೋಗುತ್ತೆ." ಅವಳು ಪರದೆಯ ಕಡೆ ನೋಡಿದಳು. "ನಾನು ಹೆತ್ತವಳು. ಒಡೆಯೋಕೆ ಕೈ ಬರ್ಲಿಲ್ಲ."

ಮಧ್ಯಾಹ್ನದ ಉರಿಬಿಸಿಲು. ಮನೆಗೆ ಬಂದಾಗ ಹಿತ್ತಲಲ್ಲಿ ಒಂದು ಕಾಗೆಯೂ ಇರಲಿಲ್ಲ. ಪಂಕಜ ಇನ್ನೂ ಗುನುಗುತ್ತಿದ್ದಳು. ದನಿ ಬಿರುಕು ಬಿಟ್ಟಿತ್ತು.

"ಬೇಡ ಮಗಳೇ, ನಿಲ್ಸು!"

"ಆಗ್ತಿಲ್ಲಪ್ಪಾ..." ಅರ್ಧ ಮಾತು, ಅರ್ಧ ಗಾಳಿ.

ತೊದಲುತ್ತಾ ಹೆಂಡತಿಗೆ ಎಲ್ಲವನ್ನೂ ಹೇಳಿದ. ಪ್ಲೇಟನ್ನು ತಲೆಯ ಮೇಲೆತ್ತಿದ. ಕೈ ಅಲ್ಲೇ ನಿಂತಿತು. ಇದರೊಳಗೆ ಗೋಪಾಲಿ ಇದ್ದಾಳೆ. ಒಡೆದರೆ ಮತ್ತೆಂದೂ ಇಲ್ಲ. ಮುಳ್ಳು ಇರಲಿಲ್ಲ. ಕೀಲಿ ಇರಲಿಲ್ಲ. ಆದರೂ ಪ್ಲೇಟು ಅವನ ಬೆರಳ ನಡುವೆ ಅದುರಿತು. ಹಾಡಿತು. ಸುಟ್ಟ ಕೂದಲ ವಾಸನೆ ಮೂಗಿಗೆ ಬಡಿಯಿತು. ಮಗುವಿನ ಬಾಯಿ ತೆರೆದೇ ಇತ್ತು. ದನಿ ಸಣ್ಣಗಾಯಿತು. ಇನ್ನೂ ಸಣ್ಣಗಾಯಿತು. ಪ್ಲೇಟಿನೊಳಗೆ ಯಾವುದೋ ಎಳೆಯ ಕಂಠ ರಾಗ ಎತ್ತಿಕೊಳ್ಳತೊಡಗಿತು.

ಗೋಪಾಲಮ್ಮ ಅವನ ಕೈಯಿಂದ ಪ್ಲೇಟು ಕಿತ್ತುಕೊಂಡಳು. ಒರಳುಕಲ್ಲಿಗೆ ಅಪ್ಪಳಿಸಿದಳು. ಒಂದು ಸಲ. ಮತ್ತೊಂದು ಸಲ. ಹತ್ತಾರು ಹೆಂಗಸರು ಒಟ್ಟಿಗೆ ಉಸಿರು ಬಿಟ್ಟ ಸದ್ದಾಯಿತು. ಚೂರು ಅಂಗೈಗೆ ಹೊಕ್ಕು ರಕ್ತ ಇಳಿಯಿತು. ಎಲ್ಲ ನಿಂತಿತು.

"ಅಮ್ಮಾ!" ಪಂಕಜ ಕಿರುಚಿದಳು. ಗೋಡೆ ಅದುರುವಷ್ಟು ತುಂಬು ದನಿ. ಗೋಪಾಲಮ್ಮ ಬಾಯಿ ತೆರೆದಳು, ಮುಚ್ಚಿದಳು, ಮಗಳನ್ನು ತಬ್ಬಿಕೊಂಡಳು.

ಮಾರನೆಯ ದಿನ ಮೂವರೂ ಹೆಬ್ಬಾಳಕ್ಕೆ ಹೋದರು. ಬದರುನ್ನೀಸಾ ಬಾಗಿಲಲ್ಲೇ ಕೂತಿದ್ದಳು. ಹಿಂದಿನ ದಿನ ಅವನು ಪ್ಲೇಟು ಹಿಡಿದು ಹೊರಟಾಗಲೇ ಅವಳಿಗೆ ಗೊತ್ತಾಗಿತ್ತು; ಅತ್ತು ಅತ್ತು ಕಣ್ಣು ಊದಿತ್ತು.

"ಯಾರು ಒಡೆದದ್ದು?"

"ಅಮ್ಮ, ತಪ್ಪು ನಂದು, ನಾನು—"

"ನೀವು ಮಾತಾಡಬೇಡಿ."

ಗೋಪಾಲಮ್ಮ ಬಟ್ಟೆ ಕಟ್ಟಿದ ಅಂಗೈಯನ್ನು ಮುಂದೆ ಚಾಚಿದಳು. ಸಬೀರಾ ಹೊರಬಂದು ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಪಂಕಜಳ ಕೆನ್ನೆ ಮುಟ್ಟಿ, ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

ಕೆರೆ ಏರಿಯ ಮೇಲೆ ವಾಪಸು ಬರುವಾಗ ಮಗು ಒಂದೇ ಸಮನೆ ಮಾತಾಡುತ್ತಿತ್ತು. "ಅಮ್ಮ, ನೀರಲ್ಲಿ ಮುಳುಗುತ್ತಲ್ಲ, ಅದ್ಯಾವ ಹಕ್ಕಿ?"

ಗೋಪಾಲಮ್ಮ ತಲೆಯೆತ್ತಿ ಗಂಡನನ್ನು ನೋಡಿದಳು. ಉತ್ತರ ಕೊಡಲು ಇನ್ನು ಅವನ ಹೊರತು ಯಾರೂ ಇರಲಿಲ್ಲ.

"ನೀರುಕಾಗೆ ಕಣಮ್ಮಾ," ಎಂದ.