ಹತ್ತೊಂಬತ್ತು ಒಂದುಗಳು

ಬಸವಕಿರಣ ಮದುವೆಯ ಮಾತೆತ್ತಿದ್ದು ಡಯಾಲಿಸಿಸ್ ವಾರ್ಡಿನಲ್ಲಿ. ಅಂಥ ಜಾಗದಲ್ಲಿ ಯಾರಾದರೂ ಕೇಳುತ್ತಾರೆಯೇ? ಆದರೆ ಗಣಿತ ಕಲಿಸುವವರಿಗೆ ಹೊತ್ತುಗೊತ್ತು ಎಲ್ಲಿರುತ್ತದೆ.

ಸಂಘಮಿತ್ರಾಳ ಎಡಗೈಗೆ ಎರಡು ಸೂಜಿ ಚುಚ್ಚಿದ್ದರು. ಪಕ್ಕದ ಯಂತ್ರದಲ್ಲಿ ಅವಳ ರಕ್ತ ಸುತ್ತಿ ಬರುತ್ತಿತ್ತು. ಇಬ್ಬರೂ ಧಾರವಾಡದ ಒಂದೇ ಕಾಲೇಜಿನಲ್ಲಿ ಗಣಿತ ಕಲಿಸುವವರು. ಸ್ಟಾಫ್‌ರೂಮಿನಲ್ಲಿ ಅವರದೊಂದು ಹುಚ್ಚಾಟವಿತ್ತು: ಒಬ್ಬರು ದೊಡ್ಡ ಸಂಖ್ಯೆ ಕೊಡಬೇಕು, ಇನ್ನೊಬ್ಬರು ಕಂಪ್ಯೂಟರ್ ಮುಟ್ಟದೆ ಅದನ್ನು ಒಡೆಯಬೇಕು. ಅಂದರೆ, ಯಾವುದರಿಂದ ಶೇಷವಿಲ್ಲದೆ ಭಾಗವಾಗುತ್ತದೆಂದು ಹುಡುಕಬೇಕು. ಸೋತವರು ಚಹಾ ಕುಡಿಸಬೇಕು.

ಹೂಂ ಎನ್ನುವ ಆಸೆ ಅವಳಿಗೂ ಇತ್ತು. ಆದರೆ ಅಣ್ಣನ ಕಿಡ್ನಿ ಅವಳಿಗೆ ಹೊಂದಿರಲಿಲ್ಲ, ಈಗ ಅವಳ ಹೃದಯವೂ ಸೋಲುತ್ತಿತ್ತು. ಇವನನ್ನು ವಿಧುರನನ್ನಾಗಿ ಮಾಡಲೆಂದೇ ಮದುವೆಯಾಗಬೇಕೇ? ನೇರವಾಗಿ ಬೇಡವೆನ್ನಲು ಅವಳಿಗೆ ಬಾಯಿ ಬರಲಿಲ್ಲ.

"ಒಂದು ಸಂಖ್ಯೆ ಕೊಡ್ತೀನ್ರಿ ಸರ. ಒಡದ್ರ ಮದುವಿ. ಒಡೀಲಿಲ್ಲಂದ್ರ ಈ ಮಾತು ಮತ್ತ ಎತ್ತಬಾರ್ದು."

ಬಲಗೈಯಿಂದ ಔಷಧಿಯ ಕವರಿನ ಮೇಲೆ ಒಂದರ ಪಕ್ಕ ಒಂದು ಬರೆಯುತ್ತ ಹೋದಳು. ಹತ್ತೊಂಬತ್ತು ಒಂದುಗಳ ಸಂಖ್ಯೆ ಅವಿಭಾಜ್ಯ. ತಿಪ್ಪರಲಾಗ ಹಾಕಿದರೂ ಅದು ಒಡೆಯುವುದಿಲ್ಲ.

ಅವನು ಕವರು ನೋಡಿದ. ಹುಬ್ಬೇರಿಸಿ ಅವಳ ಮುಖ ನೋಡಿದ. ಮಡಚಿ ಜೇಬಿಗಿಟ್ಟುಕೊಂಡ.

"ಭಾಳ ಕಠಿಣ ಕೊಟ್ರಿ ಮೇಡಂ."

"ಕಠಿಣ ಇದ್ರ ಬಿಡ್ರಿ."

"ಬಿಡೂ ಮಂದಿ ಅಲ್ರಿ ನಾವು, ಕಮರಿಪೇಟಿ ಓಣ್ಯಾಗ ಬೆಳದವ್ರು."

ಅಂದಿನಿಂದ ಅವಳ ಪ್ರತಿ ಡಯಾಲಿಸಿಸ್ಸಿಗೂ ಬಂದು, ಸ್ಟೂಲಿನ ಮೇಲೆ ಕೂತು ಹಾಳೆಗಟ್ಟಲೆ ಭಾಗಾಕಾರ ಗೀಚುತ್ತಿದ್ದ. ಅವಳು ಓರೆಗಣ್ಣಿನಿಂದ ಅವನನ್ನೇ ನೋಡುವಳು. ಸಿಕ್ಕಿಬಿದ್ದರೆ ಗೋಡೆ ನೋಡುವಳು.

"ಆತೇನ್ರಿ?"

"ಇನ್ನೂ ಇಲ್ರಿ."

ಪಾಪ, ಬಂಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಾನೆ ಎಂದುಕೊಳ್ಳುವಳು.

ಒಂದು ದಿನ ಡಾಕ್ಟರು ಅಣ್ಣನನ್ನು ಹೊರಗೆ ಕರೆದು ಮಾತಾಡಿದರು. ಅವನು ಕಣ್ಣೊರೆಸಿಕೊಂಡು ಒಳಗೆ ಬಂದ. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬಸವಕಿರಣ ಬಂದಾಗ, "ಸಾಕು ಮಾಡ್ರಿ ಸರ. ಆ ಕವರ್ ಕೊಡ್ರಿ ಇಲ್ಲೆ" ಎಂದು ಇಸಿದುಕೊಂಡಳು. ಹರಿದು ಹಾಕುವ ಮೊದಲು ಸುಮ್ಮನೆ ಬೆರಳಿಟ್ಟು ಎಣಿಸಿದಳು. ಮತ್ತೆ ಎಣಿಸಿದಳು. ಹದಿನೆಂಟೇ ಇದ್ದವು. ಅಂದು ಬರೆಯುವಾಗ ಒಂದು ಬಿಟ್ಟುಹೋಗಿತ್ತು. ಅಂಕಿಗಳನ್ನು ಕೂಡಿಸಿದರೆ ಹದಿನೆಂಟು. ಅಂಥದ್ದು ಮೂರರಿಂದ ಒಡೆಯುತ್ತದೆಂದು ಶಾಲೆಯ ಮಕ್ಕಳೂ ಹೇಳುತ್ತಾರೆ.

"ನಿಮಗ ಇದು ಗೊತ್ತಿತ್ತೇನ್ರಿ?"

"ಮೊದಲನೇ ದಿನಾನ."

"ಮತ್ತ ಇಷ್ಟು ದಿನ ಏನ್ ಗೀಚಿದ್ರಿ?"

"ನಿಮ್ಮ ಬಾಜೂಕ ಕುಂದ್ರಾಕ ನೆವ ಬೇಕಿತ್ತಲ್ರಿ."

"ಬಾಯಿ ಯಾಕ ಬಿಡ್ಲಿಲ್ಲ?"

"ಬ್ಯಾಡ ಅನ್ನಾಕ ಹತ್ತೊಂಬತ್ತು ಬರಿಯಾಕ ಹೊಂಟಿದ್ರಿ ನೀವು. ಕೈ ತಪ್ಪಿ ಸಿಕ್ಕ ಹೂಂ ತಗೊಂಡು ನಾ ಏನ್ ಮಾಡ್ಲಿ?" ಅವನು ಪೆನ್ನು ಮುಂದೆ ಹಿಡಿದ. "ಹತ್ತೊಂಬತ್ತನೇದು ಈಗ ಬರೀರಿ. ಬರದ್ರ ಮತ್ತ ಕೇಳೂದಿಲ್ಲ."

ಅವಳು ಪೆನ್ನು ತೆಗೆದುಕೊಂಡಳು. ಹದಿನೆಂಟನೆಯದರ ಪಕ್ಕ ಜಾಗವಿತ್ತು. ಅವನ ಮೇಲೆ ಎಷ್ಟು ಪ್ರೀತಿಯೆಂದರೆ, ಆ ಒಂದು ಗೀಟು ಎಳೆಯಲು ಅವಳ ಕೈ ಏಳಲಿಲ್ಲ.

"ನಾ ಭಾಳ ದಿನ ಇರೂದಿಲ್ಲ, ಕಿರಣ."

"ಗೊತ್ತೈತಿ."

"ನಮ್ಮದು ಬ್ಯಾರೆ ಬ್ಯಾರೆ ಜಾತಿ. ರಿಜಿಸ್ಟರ್ ಆಫೀಸಿನಾಗ ನೋಟಿಸ್ ಹಚ್ಚಿ ತಿಂಗಳು ಕಾಯ್ಬೇಕಂತಲ್ಲ?"

"ಹೌದು."

ಅವಳು ಪೆನ್ನಿನ ಮುಚ್ಚಳ ಹಾಕಿದಳು.

"ಹಂಗಾರ ಅರ್ಜಿ ಇವತ್ತ ತಗೊಂಬಾ. ಒಂದು ತಿಂಗಳು ನಾ ತಡಕೊಂತೀನಿ."